ಕಂಡಕ್ಟರನಿಗೆ ಕೆಲಸವಿಲ್ಲವೆಂದು ಬೀದಿಯೇ ಸಾಕ್ಷಿ ಹೇಳಿದ್ದು

ಕಂಡಕ್ಟರ ಕೂತಲ್ಲಿ ಕೂರುವ ಪ್ರಾಣಿಯಲ್ಲ. ಇದನ್ನು ಅವನ ಹೆಂಡತಿ ಮದುವೆಯಾದ ಹೊಸತರಲ್ಲೇ ಕಂಡುಕೊಂಡಿದ್ದಳು. ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡೇ ಅರ್ಧ ಆಯುಷ್ಯ ಕಳೆದವನಿಗೆ ಕಾಲ ಕೆಳಗಿನ ನೆಲ ಅಲುಗಾಡದಿದ್ದರೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಂಥವನಿದ್ದ ಬಸ್ಸು ಒಂದು ದಿನ ಮಗುಚಿ, ಬೆನ್ನುಮೂಳೆಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಎಲ್ಲವೂ ಇದ್ದೂ ಇಲ್ಲದಂತಾಯಿತು. ಆಗ ಡಾಕ್ಟರು ಅವನ ಭುಜ ತಟ್ಟಿ ಹೇಳಿದ ಮಾತು: "ಇನ್ಮೇಲೆ ಆರಾಮಾಗಿ ಕೂತಿರಿ." ಇದಕ್ಕಿಂತ ಕ್ರೂರವಾದ ಶಿಕ್ಷೆಯನ್ನು ಯಾವ ನ್ಯಾಯಾಧೀಶರೂ ಅವನಿಗೆ ವಿಧಿಸುತ್ತಿರಲಿಲ್ಲ.

ಕೂತ. ಬೇರೆ ದಾರಿಯಿರಲಿಲ್ಲ. ಗಾಲಿಕುರ್ಚಿ ಬಂತು, ಸರ್ಕಾರದ ಮಾಸಾಶನ ಬಂತು. ಬಾಡಿಗೆಗೂ ಔಷಧಿಗೂ ಅದೇ ಆಧಾರವಾಯಿತು. ಉಳಿದದ್ದನ್ನು ಹೆಂಡತಿಯ ಹೊಲಿಗೆ ಯಂತ್ರ ನೋಡಿಕೊಂಡಿತು. ಆದರೆ ಕಾಲು ಸುಮ್ಮನಾದಷ್ಟೂ ಕಂಡಕ್ಟರನ ಬಾಯಿ ಜೋರಾಯಿತು. ಬಟ್ಟೆ ಹೊಲಿಸಲು ಬಂದ ಹೆಂಗಸರನ್ನೆಲ್ಲ ಬಾಗಿಲಲ್ಲೇ ಎದುರುಗೊಂಡು, "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ, ಯಾಕೆ ಬಾಗಿಲಲ್ಲೇ ನಿಂತ್ಕೊತೀರಿ?" ಎಂದು ಗದರಿಸತೊಡಗಿದ. ಸಹಾಯ ಮಾಡುತ್ತೇನೆಂದು ಒಂದು ದಿನ ತಾನೇ ಕತ್ತರಿ ಹಿಡಿದು, ಒಬ್ಬ ಗಿರಾಕಿಯ ಹೊಸ ಬಟ್ಟೆಯಲ್ಲಿ ಎರಡು ಎಡತೋಳು ಕತ್ತರಿಸಿಟ್ಟ.

ಹೆಂಡತಿ ಆ ಎರಡು ಎಡತೋಳುಗಳನ್ನೂ ಅವನ ಮುಂದೆ ಹಿಡಿದು ಹೇಳಿದಳು: "ರೀ, ನೀವು ಎಲ್ಲಾದ್ರೂ ಕೆಲಸಕ್ಕೆ ಹೋಗಿ. ನೀವು ಹೋಗ್ಲಿಲ್ಲ ಅಂದ್ರೆ ನಾನು ಮನೆ ಬಿಟ್ಟು ಹೋಗ್ತೀನಿ."

ಕೆಲಸ ಹುಡುಕಿದ್ದೂ ಅವಳೇ. ಮುಖ್ಯರಸ್ತೆಯ ಮೂಲೆಯಲ್ಲಿ ಒಂದು ಟ್ಯಾಕ್ಸಿ ಆಫೀಸಿತ್ತು. ಫೋನಿನಲ್ಲಿ ಗಿರಾಕಿಗಳೊಂದಿಗೆ ಮಾತಾಡಿ, ಯಾವ ಗಾಡಿ ಎಲ್ಲಿಗೆ ಹೋಗಬೇಕೆಂದು ಡ್ರೈವರುಗಳಿಗೆ ಹೇಳುವವರೊಬ್ಬರು ಅಲ್ಲಿಗೆ ಬೇಕಾಗಿದ್ದರು. ಯಜಮಾನರು ಗಾಲಿಕುರ್ಚಿಯನ್ನು ಒಮ್ಮೆ ನೋಡಿ, "ಮಾತಾಡಕ್ಕೆ ಬರುತ್ತಾ?" ಎಂದು ಕೇಳಿದರು. ಕಂಡಕ್ಟರ ಶುರುಮಾಡಿದ. ಸ್ವಲ್ಪ ಹೊತ್ತಿನ ಮೇಲೆ ಯಜಮಾನರು ಎರಡೂ ಕೈ ಮೇಲೆತ್ತಿ, "ಸಾಕು ಮಾರಾಯ, ನಾಳೆಯಿಂದ ಬಾ" ಎಂದರು.

ಕಂಡಕ್ಟರ ಹಿಗ್ಗಿ ಹೀರೇಕಾಯಿಯಾದ. ಆ ಹಿಗ್ಗು ಸಂಜೆಯವರೆಗೆ ಉಳಿಯಿತು. ಸಂಜೆ ಅವನ ಭಾವಮೈದುನ ಬಂದ.

ಈ ಭಾವಮೈದುನನನ್ನು ಬೀದಿಯವರು ಕರೆಯುತ್ತಿದ್ದುದು ಲಾಪಾಯಿಂಟು ಎಂದು. ಅವನೇನೂ ವಕೀಲನಲ್ಲ, ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ. ಊರಿನ ಕಾನೂನೆಲ್ಲ ತನ್ನ ಯಂತ್ರದ ಹೊಟ್ಟೆಯೊಳಗೇ ಹಾದುಹೋಗುವುದರಿಂದ, ಅದನ್ನು ಓದುವ ತೊಂದರೆ ತನಗಿಲ್ಲ ಎಂಬುದು ಅವನ ದೃಢವಾದ ನಂಬಿಕೆ.

"ಭಾವ, ಕೆಲಸಕ್ಕೆ ಸೇರಿದ್ರಂತೆ?" ಎಂದು ಅವನು ಸಾವಿನ ಮನೆಗೆ ಬಂದವನ ದನಿಯಲ್ಲಿ ಕೇಳಿದ. "ಹಾಗಾದ್ರೆ ಮಾಸಾಶನ ಹೋಯ್ತು ಅಂತ ಇಟ್ಕೊಳ್ಳಿ."

"ಯಾಕೋ ಹೋಗತ್ತೆ?"

"ಕೆಲಸ ಮಾಡಕ್ಕಾಗಲ್ಲ ಅಂತ ತಾನೆ ಅವರು ಕೊಡೋದು? ಮಾಡಕ್ಕಾಗತ್ತೆ ಅಂದ್ಮೇಲೆ ಯಾಕೆ ಕೊಡ್ತಾರೆ? ಇಲ್ಲೀವರೆಗೆ ಕೊಟ್ಟಿದ್ದನ್ನೂ ವಾಪಸ್ ಕಕ್ಕಿಸ್ತಾರೆ. ಸುಳ್ಳು ಹೇಳಿದ್ದಕ್ಕೆ ಜೈಲು ಬೇರೆ."

"ಇದನ್ನ ನೀನು ಎಲ್ಲಿ ಓದಿದೆ?" ಎಂದು ಅಕ್ಕ ಕೇಳಿದಳು.

"ಓದೋದೇನು ಬಂತಕ್ಕ? ಕಾನೂನು ಅಂದ್ರೆ ವಾಸನೆ ಹಿಡೀಬೇಕು."

ಮನೆಯಲ್ಲಿ ಹೊಲಿಗೆ ಯಂತ್ರವೂ ನಿಂತುಹೋಯಿತು. ಕಂಡಕ್ಟರನಿಗೆ ಭಯವಿದ್ದುದು ಜೈಲಿನದಲ್ಲ. ಜೈಲಿನಲ್ಲಾದರೂ ನಾಲ್ಕು ಜನ ಮಾತಿಗೆ ಸಿಗುತ್ತಾರೆ. ಅವನ ಭಯವೇ ಬೇರೆ. ಬೆನ್ನು ಯಾವತ್ತು ಕೈಕೊಡುತ್ತದೋ ಗೊತ್ತಿಲ್ಲ. ಮಾಸಾಶನ ಬಿಟ್ಟು ಸಂಬಳ ಹಿಡಿದು, ಕೆಲವೇ ದಿನಗಳಲ್ಲಿ ಬೆನ್ನು ಹಟಮಾಡಿ ಸಂಬಳವೂ ಹೋದರೆ? ಹಾಗಂತ ಸಂಬಳ ಬೇಡವೆಂದರೆ ಮತ್ತೆ ಅದೇ ಗೋಡೆ, ಅದೇ ಬಾಗಿಲು, ಅದೇ ಎಡತೋಳು. ಅವನು ಕುರ್ಚಿಯನ್ನು ಕೋಣೆಯ ತುಂಬ ಅತ್ತಿಂದಿತ್ತ ಇತ್ತಿಂದತ್ತ ಓಡಿಸಿದ. ಕಡೆಗೆ, "ಯಾರಿಗೂ ಗೊತ್ತಾಗದ ಹಾಗೆ ಮಾಡಿದ್ರೆ?" ಎಂದ.

"ಅದು ಲಾಪಾಯಿಂಟು!" ಎಂದ ಲಾಪಾಯಿಂಟು.

ಹೀಗೆ ಬೀದಿಯ ಲೆಕ್ಕಕ್ಕೆ ಕಂಡಕ್ಟರನ ದಿನನಿತ್ಯದ ಫಿಸಿಯೋಥೆರಪಿ ಶುರುವಾಯಿತು.

ಗಾಲಿಕುರ್ಚಿಯಲ್ಲಿರುವವನು ಕದ್ದುಮುಚ್ಚಿ ಓಡಾಡುವುದೆಂದರೆ ಆನೆಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಂತೆ. ಕುರ್ಚಿಯ ಎಡ ಚಕ್ರಕ್ಕೆ ಎಷ್ಟು ಎಣ್ಣೆ ಬಿಟ್ಟರೂ ಅದು ಕುಂಯ್ ಎನ್ನುತ್ತಿತ್ತು. ಆ ಕುಂಯ್ ಕೇಳಿದ ಕೂಡಲೆ ಮಹಡಿಯ ಕಿಟಕಿ ತೆರೆದು ಮಹಡಿಯಮ್ಮನ ತಲೆ ಹೊರಗೆ ಬರುತ್ತಿತ್ತು. ಎದುರಿನ ಇಸ್ತ್ರಿಯಣ್ಣ ಪೆಟ್ಟಿಗೆ ಎತ್ತಿ ಹಿಡಿದು ನೋಡುತ್ತಿದ್ದ. ಯಾರದೋ ಅಂಗಿ ಸುಡದೆ ಉಳಿಯುತ್ತಿದ್ದುದು ಅಷ್ಟರಮಟ್ಟಿಗೆ ಅವರ ಪುಣ್ಯ. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರು ಪತ್ರಿಕೆಯನ್ನು ಮೂಗಿನ ಕೆಳಕ್ಕೆ ಇಳಿಸುತ್ತಿದ್ದರು.

"ಬೆಳಿಗ್ಗೆ ಹೋದ್ರೆ ಸಂಜೆ ಬರ್ತಾನೆ. ಇದೆಂಥ ಥೆರಪಿ?" ಎಂದರು ಹೆಡ್‌ಮಾಸ್ಟರು.

"ಬರುವಾಗ ಮುಖ ನೋಡಿದ್ದೀರಾ ಸಾರ್? ಹಿಂಡಿ ಹಿಪ್ಪೆ ಮಾಡಿ ಕಳಿಸ್ತಾರೆ" ಎಂದ ಇಸ್ತ್ರಿಯಣ್ಣ.

"ಸೊಂಟಕ್ಕೆ ಚಿಕಿತ್ಸೆ ಅಂತಾರೆ, ಮತ್ತೆ ಗಂಟಲು ಯಾಕೆ ಕೂತಿರತ್ತೆ?" ಎಂದು ಮಹಡಿಯಮ್ಮ ಮೇಲಿನಿಂದ ಕೇಳಿದರು.

ಸತ್ಯ ಹೊಳೆದದ್ದು ಹೆಡ್‌ಮಾಸ್ಟರಿಗೆ. "ನೋವಿಗೆ ಕಿರುಚಿರ್ತಾನೆ" ಎಂದು ಅವರು ಮೆಲ್ಲಗೆ ಹೇಳಿದರು.

ಅಂದಿನಿಂದ ಬೀದಿ ಕಂಡಕ್ಟರನನ್ನು ಬೇರೆಯೇ ಕಣ್ಣಿನಿಂದ ನೋಡಿತು. ಸಂಜೆ ಕುಂಯ್‌ಗುಡುತ್ತಾ ಅವನು ತಿರುವಿಗೆ ಬಂದರೆ ಮಾತಾಡುತ್ತಿದ್ದವರು ಎದ್ದು ಬರುತ್ತಿದ್ದರು. "ಧೈರ್ಯ ತಗೋಬೇಕಪ್ಪ" ಎಂದು ಅವನ ಕೈಯನ್ನು ಹಿಡಿದು ಅಮುಕುತ್ತಿದ್ದರು. ಇಡೀ ದಿನ ಡ್ರೈವರುಗಳನ್ನು ಗದರಿಸಿ, ನಕ್ಕು, ಕೂಗಾಡಿ ಸುಖವಾಗಿ ದಣಿದು ಬಂದಿರುತ್ತಿದ್ದ ಕಂಡಕ್ಟರ ಆ ಕೈಗಳ ಮಧ್ಯೆ ಮುಖ ಸೊಪ್ಪಾಗಿಸಿಕೊಂಡು ನರಳಬೇಕಾಗುತ್ತಿತ್ತು. ಅವನ ಕೆಲಸಕ್ಕಿಂತ ಈ ನರಳುವ ಕೆಲಸವೇ ಕಷ್ಟದ್ದು.

ಇಷ್ಟಕ್ಕೇ ನಿಂತಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಒಂದು ಮಧ್ಯಾಹ್ನ ಮಹಡಿಯಮ್ಮನಿಗೆ ಟ್ಯಾಕ್ಸಿ ಬೇಕಾಯಿತು.

"ನಮಸ್ಕಾರ, ಟ್ಯಾಕ್ಸಿ ಆಫೀಸು, ಎಲ್ಲಿಂದ ಎಲ್ಲಿಗೆ ಹೇಳಿ!" ಎಂದು ಕಂಡಕ್ಟರ ತನ್ನ ಎಂದಿನ ಗತ್ತಿನಲ್ಲಿ ಕೇಳಿದ.

"ಯಾರಪ್ಪಾ ಅದು? ಈ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ?"

ಕಂಡಕ್ಟರನಿಗೆ ಮಹಡಿಯಮ್ಮನ ಗುರುತು ಸಿಕ್ಕಿತು. ಫೋನು ಕೆಳಗಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಗಿರಾಕಿಯನ್ನು ಅರ್ಧ ದಾರಿಯಲ್ಲಿ ಇಳಿಸುವುದು ಅವನ ರಕ್ತದಲ್ಲೇ ಇರಲಿಲ್ಲ. ಅವನು ಗಂಟಲನ್ನು ಹಿಚುಕಿಕೊಂಡು, ಜೇನಿನಲ್ಲಿ ಅದ್ದಿದಂಥ ಹೆಣ್ಣುದನಿ ತೆಗೆದು, "ಗಾಡಿ ಎಲ್ಲಿಗೆ ಕಳಿಸ್ಲಿ ಮೇಡಂ?" ಎಂದ. ಆಫೀಸಿನಲ್ಲಿ ಕೂತಿದ್ದ ಡ್ರೈವರೊಬ್ಬ ಕುಡಿಯುತ್ತಿದ್ದ ನೀರನ್ನು ಮೂಗಿನಲ್ಲಿ ಹೊರಗೆ ಬಿಟ್ಟ.

"ಆಹಾ, ಏನು ಮೆತ್ತಗೆ ಮಾತಾಡ್ತೀಯಮ್ಮಾ!" ಎಂದರು ಮಹಡಿಯಮ್ಮ. ಟ್ಯಾಕ್ಸಿಯನ್ನು ಮರೆತೇಬಿಟ್ಟರು. "ಮದುವೆ ಆಗಿದೆಯಾ?"

ಆಗಿದೆ ಎಂದಿದ್ದರೂ ಸಾಕಿತ್ತು, ನಿಜವೂ ಆಗುತ್ತಿತ್ತು. ಗಾಬರಿಯಲ್ಲಿ ಕಂಡಕ್ಟರ, "ಇನ್ನೂ ಯೋಚನೆ ಮಾಡಿಲ್ಲ ಮೇಡಂ" ಎಂದುಬಿಟ್ಟ.

ಆಮೇಲೆ ಮಹಡಿಯಮ್ಮ ಎಲ್ಲಿಗೂ ಹೋಗುವುದಿಲ್ಲದಿದ್ದರೂ ಟ್ಯಾಕ್ಸಿ ಆಫೀಸಿಗೆ ಫೋನು ಮಾಡತೊಡಗಿದರು. ಅಡುಗೆ ಬರುತ್ತದೆಯೇ, ಎತ್ತರ ಎಷ್ಟು, ಅಪ್ಪ ಅಮ್ಮ ಏನು ಮಾಡುತ್ತಾರೆ. ಕಂಡಕ್ಟರನ ಹೆಂಡತಿಯನ್ನು ಮೆಟ್ಟಿಲಲ್ಲಿ ನಿಲ್ಲಿಸಿಕೊಂಡು, "ನಮ್ಮಕ್ಕನ ಮಗನಿಗೆ ಒಂದು ಹುಡುಗಿ ನೋಡಿದ್ದೀನಿ ಕಣೆ. ಮುಖ ನೋಡಿಲ್ಲ. ಆದ್ರೆ ದನಿ ಕೇಳಿದ್ರೆ ಸಾಕು, ಮನೆತನ ಗೊತ್ತಾಗತ್ತೆ" ಎಂದರು. ಹೆಂಡತಿ ಬಾಯಲ್ಲಿ ಸೆರಗು ತುರುಕಿಕೊಂಡು ಒಳಗೆ ಓಡಿದಳು. ಗಂಡನ ಕಾಯಿಲೆಯನ್ನು ನೆನೆದು ಪಾಪ ಅಳುತ್ತಿದ್ದಾಳೆಂದು ಮಹಡಿಯಮ್ಮ ಬೀದಿಗೆಲ್ಲ ಹೇಳಿದರು.

ಸಿಡಿಲು ಬಡಿದದ್ದು ಆಮೇಲೆ. ಮಾಸಾಶನ ಕೊಡುವ ಇಲಾಖೆಯಿಂದ ಮನೆಗೆ ಫೋನು ಬಂತು. ಮರುದಿನ ಬೆಳಿಗ್ಗೆ ಮೇಡಂ ಮನೆಗೇ ಬರುತ್ತಾರೆ, ನಿಮ್ಮ ಮನೆಯವರ ಕೆಲಸದ ವಿಚಾರವಾಗಿ ಮಾತಾಡಬೇಕಂತೆ ಎಂದು ಅತ್ತಲಿನ ದನಿ ಹೇಳಿ ಇಟ್ಟುಬಿಟ್ಟಿತು.

"ಕೆಲಸದ ವಿಚಾರ!" ಎಂದು ಲಾಪಾಯಿಂಟು ಹಣೆ ಚಚ್ಚಿಕೊಂಡ. "ಯಾರೋ ಊದಿದ್ದಾರೆ. ಭಾವ, ನಾಳೆ ನೀವು ಕೆಲಸಕ್ಕೆ ಹೋಗಬಾರದು. ಮಂಚ ಬಿಟ್ಟು ಏಳಬಾರದು. ಉಳಿದದ್ದು ನನಗೆ ಬಿಡಿ."

ಉಳಿದದ್ದೆಂದರೆ ಸಾಕ್ಷಿಗಳು. ಲಾಪಾಯಿಂಟು ಮನೆಮನೆಗೆ ಹೋದ. ಭಾವನ ಮಾಸಾಶನಕ್ಕೆ ಕುತ್ತು ಬಂದಿದೆ, ಅವನ ಕೈಲಿ ಏನೂ ಆಗುವುದಿಲ್ಲವೆಂದು ನಾಲ್ಕು ಮಾತು ಹೇಳಿದರೆ ಸಾಕು ಎಂದ. ಬೀದಿಗೆ ಇದಕ್ಕಿಂತ ಬೇಕಾದ್ದೇನು? ಕಣ್ಣಾರೆ ಕಂಡ ಸಂಕಟವನ್ನು ಸರ್ಕಾರದ ಮುಂದೆ ಹೇಳುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.

ಮರುದಿನ ಮೇಡಂ ಬಂದರು. ಚುರುಕಾದ ಹೆಂಗಸು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಫೋನು, ಹೊಸ್ತಿಲು ದಾಟುವ ಮುಂಚೆಯೇ ನಮಸ್ಕಾರ. ಒಳಗೆ ಕಂಡಕ್ಟರ ಗಲ್ಲದವರೆಗೆ ಕಂಬಳಿ ಹೊದ್ದು, ಜಂತಿ ನೋಡುತ್ತಾ ಮಲಗಿದ್ದ. ಸುತ್ತ ಬೀದಿ ನಿಂತಿತ್ತು.

"ಇವರೇನಾ?" ಎಂದು ಮೇಡಂ ಅಚ್ಚರಿಯಿಂದ ಕೇಳಿದರು. "ಹೇಗಿದ್ದೀರಿ ಸಾರ್?"

ಕಂಡಕ್ಟರ ಬಾಯಿ ತೆರೆಯುವಷ್ಟರಲ್ಲಿ ಇಸ್ತ್ರಿಯಣ್ಣ ಮುಂದೆ ಬಂದ. "ಹೇಗಿರ್ತಾನೆ ಮೇಡಂ? ಒಂದು ಲೋಟ ಎತ್ತಕ್ಕಾಗಲ್ಲ."

"ಲೋಟ ಬಿಡಿ, ಚಮಚ" ಎಂದರು ಮಹಡಿಯಮ್ಮ. ಅವರು ಇಸ್ತ್ರಿಯಣ್ಣನಿಗಿಂತ ಹಿಂದೆ ಬೀಳುವವರಲ್ಲ. "ಕಣ್ಣು ಮಿಟುಕಿಸೋದೇ ಕಷ್ಟ."

ಕಂಡಕ್ಟರ ಮಿಟುಕಿಸಹೊರಟಿದ್ದ ಕಣ್ಣನ್ನು ಅರ್ಧಕ್ಕೇ ನಿಲ್ಲಿಸಿದ.

"ಬುದ್ಧಿಯೂ ಮೊದಲಿನ ಹಾಗಿಲ್ಲ" ಎಂದು ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡರು. "ಮೊನ್ನೆ ಹೆಸರು ಹಿಡಿದು ಮಾತಾಡಿಸಿದೆ. ನನ್ನನ್ನ ನೋಡಿ, 'ಒಂದ್ನಿಮಿಷ ಲೈನಲ್ಲಿರಿ' ಅಂದ."

ಮೇಡಂ ಒಬ್ಬೊಬ್ಬರ ಮುಖವನ್ನೂ ನೋಡಿದರು. ಅವರ ಮುಖ ಬಾಡುತ್ತಾ ಬಂತು. ಮಂಚದ ತುದಿಯಲ್ಲಿ ಕೂತು ನಿಟ್ಟುಸಿರುಬಿಟ್ಟರು.

"ಏನೋ ತಪ್ಪು ಮಾಹಿತಿ ಬಂದಿರಬೇಕು. ಮೂಲೆ ಟ್ಯಾಕ್ಸಿ ಆಫೀಸಿನ ಯಜಮಾನರು ನಮ್ಮ ಇಲಾಖೆಗೆ ಬಂದಿದ್ರು. ತಮ್ಮಲ್ಲಿ ವೀಲ್‌ಚೇರಿನವರೊಬ್ಬರು ಕೆಲಸಕ್ಕೆ ಸೇರಿದ್ದಾರೆ, ಬಾಗಿಲಲ್ಲಿ ಮೆಟ್ಟಿಲಿದೆ, ದಿನಾ ಡ್ರೈವರುಗಳು ಕುರ್ಚಿ ಎತ್ತಿಡಬೇಕು, ಇಳಿಜಾರು ಕಟ್ಟಿಸಿಕೊಡಿ ಅಂತ ಕೇಳಿದ್ರು. ನಮಗೆ ಬಹಳ ಖುಷಿಯಾಯ್ತು. ಇಂಥವರಿಗೆ ಅಂತಲೇ ಯೋಜನೆ ಇದೆ."

ಕಂಬಳಿಯೊಳಗೆ ಏನೋ ಅಲುಗಾಡಿತು.

"ಎಂಥ ಯೋಜನೆ?" ಎಂದು ಹೆಂಡತಿ ಕೇಳಿದಳು.

"ಕೆಲಸಕ್ಕೆ ಸೇರಿದ ಮೊದಲ ತಿಂಗಳುಗಳು ಪ್ರಯತ್ನದ ಕಾಲ. ಸಂಬಳವೂ ಬರತ್ತೆ, ಮಾಸಾಶನವೂ ಪೂರ್ತಿ ಬರತ್ತೆ. ಆಮೇಲೆ ಸಂಬಳ ನೋಡ್ಕೊಂಡು ಮಾಸಾಶನ ಸ್ವಲ್ಪ ಸ್ವಲ್ಪವಾಗಿ ಇಳಿಯತ್ತೆ, ಒಂದೇ ಸಲ ಕತ್ತರಿಸಲ್ಲ. ನಾಳೆ ಮೈ ಕೇಳದೆ ಕೆಲಸ ಬಿಡಬೇಕಾಗಿ ಬಂತು ಅನ್ನಿ, ಮೊದಲಿನ ಹಾಗೇ ಕೊಡಕ್ಕೆ ಶುರು ಮಾಡ್ತೀವಿ. ಹೆದರಿಕೊಂಡು ಯಾರೂ ಮನೇಲಿ ಕೂತ್ಕೋಬಾರದಲ್ಲ. ಕೆಲಸಕ್ಕೆ ಸೇರಿದ್ದೀನಿ ಅಂತ ನಮಗೆ ಹೇಳಿದ್ರೆ ಸಾಕು."

ಗಂಡ ಹೆಂಡತಿ ಇಬ್ಬರ ಕಣ್ಣೂ ಲಾಪಾಯಿಂಟಿನ ಕಡೆ ತಿರುಗಿತು. ಲಾಪಾಯಿಂಟು ಜಂತಿ ನೋಡತೊಡಗಿದ.

"ಆದ್ರೆ ಇವರ ಸ್ಥಿತಿ ನೋಡಿದ್ರೆ ಕರುಳು ಚುರುಕ್ ಅನ್ನತ್ತೆ" ಎಂದು ಮೇಡಂ ಎದ್ದರು. "ಮನೇಲಿಟ್ಕೊಳ್ಳೋದು ಸರಿಯಲ್ಲ. ನಮ್ಮ ಆರೈಕೆ ಕೇಂದ್ರದಲ್ಲಿ ಒಂದು ಹಾಸಿಗೆ ಖಾಲಿ ಇದೆ. ನಾಳೆಯೇ ಆಂಬ್ಯುಲೆನ್ಸ್ ಕಳಿಸ್ತೀನಿ. ಅಲ್ಲಿ ಪೂರ್ತಿ ವಿಶ್ರಾಂತಿ. ಆರಾಮಾಗಿ ಮಲಗಿರಬಹುದು."

ಕಂಬಳಿ ಗಾಳಿಯಲ್ಲಿ ಹಾರಿತು.

"ಮೇಡಂ! ನಾನೇ ಆ ವೀಲ್‌ಚೇರಿನವನು! ನಾನೇ ಕೆಲಸ ಮಾಡ್ತಿರೋದು!" ಎಂದು ಕಂಡಕ್ಟರ ಎರಡು ಕೈ ಊರಿ ಎದ್ದು ಕೂತ.

"ಶುರುವಾಯ್ತು ನೋಡಿ" ಎಂದರು ಹೆಡ್‌ಮಾಸ್ಟರು ಕನಿಕರದಿಂದ. "ಇದೇ ನಾನು ಹೇಳಿದ್ದು."

"ಮಲಕ್ಕೊಳ್ಳಪ್ಪ, ಮಲಕ್ಕೋ" ಎಂದು ಇಸ್ತ್ರಿಯಣ್ಣ ಅವನ ಭುಜ ಹಿಡಿದು ದಿಂಬಿಗೆ ಒತ್ತಿದ. ಬಟ್ಟೆ ಒತ್ತಿ ಒತ್ತಿ ಪಳಗಿದ ಕೈ. ಕಂಡಕ್ಟರ ಕೊಸರಾಡಿದಷ್ಟೂ ಮಡಿಕೆ ಬೀಳದಂತೆ ಒತ್ತಿತು.

"ಬಿಡೋ! ಥೆರಪಿ ಅಂದಿದ್ದೆಲ್ಲ ಸುಳ್ಳು ಕಣೋ! ನಾನು ಹೋಗ್ತಿದ್ದದ್ದು ಟ್ಯಾಕ್ಸಿ ಆಫೀಸಿಗೆ!"

"ಟ್ಯಾಕ್ಸಿ ಆಫೀಸಲ್ಲಿ ಇರೋದು ಹುಡುಗಿ" ಎಂದು ಮಹಡಿಯಮ್ಮ ಖಂಡಿತವಾಗಿ ಹೇಳಿದರು. "ನಾನು ದಿನಾ ಮಾತಾಡ್ತೀನಿ."

ಕಂಡಕ್ಟರ ಹೆಂಡತಿಯ ಮುಖ ನೋಡಿದ. ಹೆಂಡತಿ ಹೂಂ ಎನ್ನುವಂತೆ ತಲೆಯಾಡಿಸಿದಳು. ಅವನು ಕಣ್ಣು ಮುಚ್ಚಿ, ಗಂಟಲು ಹಿಚುಕಿ, ಇದ್ದಬದ್ದ ಮಾನವನ್ನೆಲ್ಲ ಪಣಕ್ಕಿಟ್ಟು, "ಗಾಡಿ ಎಲ್ಲಿಗೆ ಕಳಿಸ್ಲಿ ಮೇಡಂ?" ಎಂದ.

ಮಹಡಿಯಮ್ಮ ಗೋಡೆ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕುಸಿದರು. "ಅಯ್ಯೋ ಪಾಪಿ, ನಮ್ಮ ಹುಡುಗ ಒಪ್ಕೊಂಡುಬಿಟ್ಟಿದ್ದಾನಲ್ಲೋ!"

ಮೇಡಂ ಮಾತ್ರ ಕದಲಲಿಲ್ಲ. ಅವರಿಗೆ ತಲೆ ತಿರುಗಿದ್ದು ನಿಜ. ಇಷ್ಟು ಹೊತ್ತು ಕಣ್ಣು ಮಿಟುಕಿಸಲಾರದೆ ಮಲಗಿದ್ದವನು ಈಗ ಕೊಸರಾಡುತ್ತಾ ಹೆಣ್ಣುದನಿಯಲ್ಲಿ ಮಾತಾಡುತ್ತಿದ್ದಾನೆ. ಸಾಕ್ಷಿ ಹೇಳಿದವರಲ್ಲಿ ಒಬ್ಬರು ನೆಲದ ಮೇಲಿದ್ದಾರೆ, ಒಬ್ಬರು ರೋಗಿಯ ಮೇಲಿದ್ದಾರೆ. "ನೋಡಿ ಸಾರ್, ದನಿ ಬದಲಾಯಿಸಿದ್ದನ್ನ ನಾನು ಪುರಾವೆ ಅಂತ ಬರೆಯಕ್ಕಾಗಲ್ಲ. ಇಡೀ ಬೀದಿ ನಿಮ್ಮ ಕೈಲಿ ಏನೂ ಆಗಲ್ಲ ಅಂತಿದೆ. ನೀವೊಬ್ಬರು ಆಗತ್ತೆ ಅಂತೀರಿ. ನಾನು ಯಾರನ್ನ ನಂಬಲಿ?"

"ನನ್ನ ಜೊತೆ ಬನ್ನಿ" ಎಂದ ಕಂಡಕ್ಟರ.

ಹೆಂಡತಿ ಕುರ್ಚಿಯನ್ನು ಮಂಚಕ್ಕೆ ತಾಗಿಸಿದಳು. ಅವನು ಕೈಯ ಬಲದ ಮೇಲೆ ಮೈ ಎತ್ತಿ, ಒಂದೇ ಸಲಕ್ಕೆ ಜಾರಿ ಅದರಲ್ಲಿ ಕೂತ. ದಿನಾ ಮಾಡುವ ಕೆಲಸವೇ. ಆದರೆ ಬೀದಿ ಅದನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಇಸ್ತ್ರಿಯಣ್ಣ ಹಿಂದೆ ಸರಿದ. ಕಂಡಕ್ಟರ ಹೊರಟೇಬಿಟ್ಟ. ಕುಂಯ್ ಕುಂಯ್ ಕುಂಯ್ ಎಂದು ಕುರ್ಚಿ ಮುಂದೆ, ಚೀಲ ಎದೆಗವಚಿಕೊಂಡು ಓಡುನಡಿಗೆಯಲ್ಲಿ ಮೇಡಂ ಹಿಂದೆ, ಅವರ ಹಿಂದೆ ಹೆಂಡತಿ, ಹೆಡ್‌ಮಾಸ್ಟರು, ಇಸ್ತ್ರಿಯಣ್ಣ. ತಮ್ಮ ಸೊಸೆ ಕೂರುತ್ತಿದ್ದ ಜಾಗವನ್ನಾದರೂ ಒಮ್ಮೆ ಕಣ್ತುಂಬ ನೋಡಬೇಕೆಂದು ಮಹಡಿಯಮ್ಮ. ಎಲ್ಲರಿಗಿಂತ ಕೊನೆಗೆ, ಯಾರ ಪರವಾಗಿ ನಡೆಯಬೇಕೆಂದು ಇನ್ನೂ ನಿರ್ಧರಿಸದ ಲಾಪಾಯಿಂಟು.

ಟ್ಯಾಕ್ಸಿ ಆಫೀಸು ಹೊತ್ತಿ ಉರಿಯುತ್ತಿತ್ತು. ಬೆಂಕಿಯಿಂದಲ್ಲ, ಫೋನುಗಳಿಂದ. ಬೆಳಗಿನಿಂದ ಯಜಮಾನರು ತಾವೇ ಫೋನು ಎತ್ತಿದ್ದರು. ಅದರ ಫಲವಾಗಿ ರೈಲಿಗೆ ಹೊರಟವರೊಬ್ಬರು ಆಸ್ಪತ್ರೆಯ ಬಾಗಿಲಲ್ಲಿ ಇಳಿದಿದ್ದರು. ಆಸ್ಪತ್ರೆಗೆ ಹೊರಟ ತುಂಬುಗರ್ಭಿಣಿಯೊಬ್ಬಳು ರೈಲು ನಿಲ್ದಾಣದಲ್ಲಿ ಕೂತು, ಗಂಡನ ಕೈಯಲ್ಲಿ ಫೋನು ಮಾಡಿಸುತ್ತಿದ್ದಳು. ಯಜಮಾನರ ಎರಡು ಕಿವಿಗೂ ಒಂದೊಂದು ಫೋನು ಅಂಟಿಕೊಂಡಿತ್ತು, ಮೂರನೆಯದು ಮೇಜಿನ ಮೇಲೆ ಕುಣಿಯುತ್ತಿತ್ತು.

ಮೆಟ್ಟಿಲ ಮುಂದೆ ಕುರ್ಚಿ ಬಂದು ನಿಂತಿತು. ಯಜಮಾನರು ತಲೆಯೆತ್ತಿದರು. ಅವರಿಗೆ ಮೇಡಂ ಕಾಣಲಿಲ್ಲ, ಬೀದಿ ಕಾಣಲಿಲ್ಲ. ಕಂಡದ್ದು ಕಂಡಕ್ಟರ ಒಬ್ಬನೇ.

"ಎಲ್ಲಿ ಹಾಳಾಗಿ ಹೋಗಿದ್ದೆಯಯ್ಯಾ ಇಷ್ಟೊತ್ತು?" ಎಂದು ಅವರು ಕಟ್ಟಡ ನಡುಗುವಂತೆ ಗರ್ಜಿಸಿದರು. "ಇದೇನು ನಿಮ್ಮ ಮಾವನ ಮನೇನಾ, ಬೇಕಾದಾಗ ಬರಕ್ಕೆ, ಬೇಡವಾದಾಗ ಬಿಡಕ್ಕೆ? ಹೇಳೋದಿಲ್ಲ ಕೇಳೋದಿಲ್ಲ! ರೈಲು ನಿಲ್ದಾಣದಲ್ಲಿ ಹೆರಿಗೆ ಆದ್ರೆ ನೀನು ಮಾಡಿಸ್ತೀಯಾ? ಸುಮ್ನೆ ಬಾಯಿ ಬಿಟ್ಕೊಂಡು ನೋಡ್ತಿದ್ದೀಯಲ್ಲ, ಒಳಗೆ ಬಾ! ನಿನ್ನಂಥ ಬೇಜವಾಬ್ದಾರಿ ಮನುಷ್ಯನ್ನ ನಾನು ನನ್ನ ಜನ್ಮದಲ್ಲೇ ನೋಡಿಲ್ಲ!"

ಬೀದಿ ಕಿವಿ ಮುಚ್ಚಿಕೊಂಡಿತು. ವೀಲ್‌ಚೇರಿನಲ್ಲಿರುವವನನ್ನು ಹೀಗೂ ಬೈಯುತ್ತಾರೆಯೇ? "ಛೆ, ಏನು ಮನುಷ್ಯರಪ್ಪ!" ಎಂದು ಹೆಡ್‌ಮಾಸ್ಟರು ಮುಂದೆ ನುಗ್ಗಿದರು. ಮೇಡಂ ಕೈ ಅಡ್ಡ ಹಿಡಿದು ಅವರನ್ನು ತಡೆದರು. ಅವರ ಮುಖ ಅರಳಿತ್ತು.

"ಇಷ್ಟು ಸಾಕು" ಎಂದರು ಮೇಡಂ. "ನೌಕರನಲ್ಲದವನನ್ನ ಯಾರೂ ಹೀಗೆ ಬೈಯಲ್ಲ. ಇನ್ನು ಯಾವ ಪುರಾವೆಯೂ ಬೇಡ."

ಕಂಡಕ್ಟರ ಅಲ್ಲಾಡದೆ ಕೂತಿದ್ದ. ಅವನ ಗಲ್ಲದ ಮೇಲೆ ನೀರಿಳಿಯುತ್ತಿತ್ತು. ಹೆಂಡತಿ ಗಾಬರಿಯಾಗಿ ಬಗ್ಗಿ, "ರೀ, ಬೇಜಾರು ಮಾಡ್ಕೋಬೇಡಿ, ಸಿಟ್ಟಲ್ಲಿ ಅಂದಿರ್ತಾರೆ" ಎಂದಳು.

"ಬೇಜಾರಲ್ಲ ಕಣೇ" ಎಂದ ಕಂಡಕ್ಟರ. ಬಸ್ಸು ಮಗುಚಿದ ದಿನದಿಂದ ಈವರೆಗೆ ಅವನನ್ನು ಯಾರೂ ಬೈದಿರಲಿಲ್ಲ. ಎಲ್ಲರೂ ಪಾಪ ಎಂದಿದ್ದರು, ತಲೆ ಸವರಿದ್ದರು, ಮೆತ್ತಗೆ ಮಾತಾಡಿದ್ದರು. ಎರಡು ಎಡತೋಳು ಕತ್ತರಿಸಿದಾಗ ಹೆಂಡತಿ ಕೂಡ ದನಿ ಏರಿಸಿರಲಿಲ್ಲ. "ಎಲ್ಲರ ಮುಂದೆ ಬೈದ್ರು, ಕೇಳಿಸ್ಕೊಂಡೆಯಾ? ಬೇಜವಾಬ್ದಾರಿ ಮನುಷ್ಯ ಅಂದ್ರು. ಜವಾಬ್ದಾರಿ ಇದ್ದವನಿಗೆ ತಾನೆ ಹಾಗನ್ನೋದು?"

"ನಾನು ಮೊದಲೇ ಹೇಳಿರ್ಲಿಲ್ವಾ, ಸರ್ಕಾರಕ್ಕೆ ತಿಳಿಸಿಬಿಡೋದು ಒಳ್ಳೇದು ಅಂತ" ಎಂದು ಲಾಪಾಯಿಂಟು ಅಷ್ಟರಲ್ಲಿ ಇಸ್ತ್ರಿಯಣ್ಣನಿಗೆ ವಿವರಿಸುತ್ತಿದ್ದ.

ಅಕ್ಕ ಅವನ ಕಡೆ ತಿರುಗಿದಳು. ಆಮೇಲೆ ಅವಳು ಅಲ್ಲಿ ಆಡಿದ ಮಾತುಗಳನ್ನು ಬರೆಯುವುದು ಬೇಡ. ಯಜಮಾನರೇ ಒಂದು ಕ್ಷಣ ಫೋನು ಇಳಿಸಿ ಗೌರವದಿಂದ ಕೇಳಿಸಿಕೊಂಡರೆಂದರೆ ಸಾಕು.

ಇಬ್ಬರು ಡ್ರೈವರುಗಳು ಬಂದು ಕುರ್ಚಿಯನ್ನು ಮೆಟ್ಟಿಲ ಮೇಲಕ್ಕೆ ಎತ್ತಿದರು. ಇಳಿಜಾರು ಎಷ್ಟು ಉದ್ದ ಬೇಕೆಂದು ಮೇಡಂ ಕಂಡಕ್ಟರನ ಹೆಂಡತಿಯ ಕೊರಳಲ್ಲಿದ್ದ ಅಳತೆಯ ಟೇಪು ಇಸಿದುಕೊಂಡು ಹೊಸ್ತಿಲು ಅಳೆಯತೊಡಗಿದರು. ಹೆಡ್‌ಮಾಸ್ಟರು ಯಾರೂ ಕೇಳದಿದ್ದರೂ ಟೇಪಿನ ಇನ್ನೊಂದು ತುದಿ ಹಿಡಿದರು. ಮಹಡಿಯಮ್ಮ ಬಾಗಿಲಲ್ಲಿ ನಿಂತು, "ನಮ್ಮ ಹುಡುಗನಿಗೆ ಏನಂತ ಹೇಳ್ಲಿ? ನೀನೇ ಒಂದು ಮಾತು ಹೇಳಿಬಿಡಪ್ಪ" ಎಂದು ಅಂಗಲಾಚಿದರು.

ಕಂಡಕ್ಟರನಿಗೆ ಪುರುಸೊತ್ತಿರಲಿಲ್ಲ. ಅವನು ಕಣ್ಣೊರೆಸಿಕೊಂಡು ಯಜಮಾನರ ಕಿವಿಯಿಂದ ಒಂದು ಫೋನು ಕಿತ್ತುಕೊಂಡ.

"ಸಾರ್, ನಿಮ್ಮ ಮನೆಯವರನ್ನ ಅಲ್ಲೇ ಬೆಂಚಿನ ಮೇಲೆ ಕೂರಿಸಿ, ಎಲ್ಲೂ ಅಲ್ಲಾಡಿಸಬೇಡಿ. ಗಾಡಿ ಈಗ್ಲೇ ಕಳಿಸ್ತಿದ್ದೀನಿ, ಡ್ರೈವರು ಒಳಗೇ ಬರ್ತಾನೆ. ಮೇಡಂ, ಸ್ವಲ್ಪ ಆ ಕಡೆ ನಿಂತು ಅಳೀರಿ, ಬಾಗಿಲಿಗೆ ಅಡ್ಡ ಆಗ್ತಿದೆ! ಏ ಭಾವಮೈದ, ಸುಮ್ನೆ ನಿಂತಿದ್ದೀಯಲ್ಲ, ಮೂರನೇ ಫೋನು ಎತ್ತೋ!"